ಗಾಯಗೊಂಡ ಕಾರ್ಮಿಕರು ಮರಳಿ ಕೆಲಸಕ್ಕೆ ಬರುವಾಗ: ಕಾರ್ಖಾನೆಯ ಸಿಬ್ಬಂದಿ ವಿಭಾಗದವರಿಗೊಂದು ಸಮಗ್ರ ಮಾರ್ಗದರ್ಶಿ

ತಗಡನ್ನು ಒತ್ತಿ ಆಕಾರ ಕೊಡುವ ಪವರ್ ಪ್ರೆಸ್ಸಿನಲ್ಲಿ ಬಲಗೈ ತೋರುಬೆರಳಿನ ಎರಡು ಗೆಣ್ಣು ಕಳೆದುಕೊಂಡ ಆಪರೇಟರೊಬ್ಬರು ಮೂರು ತಿಂಗಳ ಬಳಿಕ ಇಎಸ್‌ಐ (ನೌಕರರ ರಾಜ್ಯ ವಿಮೆ) ವೈದ್ಯರ ಫೈನಲ್ ಸರ್ಟಿಫಿಕೇಟ್ ಹಿಡಿದುಕೊಂಡು ಗೇಟಿನ ಬಳಿ ಬಂದು ನಿಲ್ಲುತ್ತಾರೆ. ಇಂಥ ದಿನದಿಂದ ಕೆಲಸಕ್ಕೆ ಹಾಜರಾಗಬಹುದು ಎಂಬುದಷ್ಟೇ ಅದರ ಸಾರ. ಟೈಮ್ ಆಫೀಸಿನವರು ಅದನ್ನು ಓದುತ್ತಾರೆ, ಸೂಪರ್‌ವೈಸರ್ ಓದುತ್ತಾರೆ, ಎಷ್ಟೋ ಕಡೆ ಅದೇ ದಿನ ಅವರನ್ನು ಅದೇ ಪ್ರೆಸ್ಸಿನ ಮುಂದೆ ನಿಲ್ಲಿಸಲಾಗುತ್ತದೆ. ವಾರದೊಳಗೆ ಅವರು ರಜೆ ಚೀಟಿ ಬರೆಯುತ್ತಾರೆ, ತಿಂಗಳೊಳಗೆ ಬರುವುದನ್ನೇ ಬಿಡುತ್ತಾರೆ. ಕಡತದಲ್ಲಿ ಮಾತ್ರ ‘ಸ್ವಇಚ್ಛೆಯಿಂದ ಕೆಲಸ ಬಿಟ್ಟಿದ್ದಾರೆ’ ಎಂದು ದಾಖಲಾಗುತ್ತದೆ.

ವೈದ್ಯರಿಗೆ ಕೈ ಗೊತ್ತು, ಪ್ರೆಸ್ ಗೊತ್ತಿಲ್ಲ. ಸೂಪರ್‌ವೈಸರಿಗೆ ಪ್ರೆಸ್ ಗೊತ್ತು, ಗಾಯ ಒಳಗೆ ಎಷ್ಟು ಮಾಗಿದೆಯೆಂಬುದು ಗೊತ್ತಿಲ್ಲ. ಕೈಯನ್ನೂ ಯಂತ್ರವನ್ನೂ ಒಟ್ಟಿಗೆ ಇಟ್ಟು ನೋಡುವವರು ಒಬ್ಬರು ಬೇಕು, ಮತ್ತು ಆ ಜಾಗದಲ್ಲಿ ನಿಲ್ಲಬೇಕಾದವರು ಸಿಬ್ಬಂದಿ ವಿಭಾಗದವರು ಅಥವಾ ವೆಲ್‌ಫೇರ್ ಆಫೀಸರ್. ಇದಕ್ಕೆ ಬೇಕಾದ ಕೌಶಲಗಳನ್ನು ಯಾವ ಎಂಬಿಎ ತರಗತಿಯಲ್ಲೂ ಯಾರೂ ನನಗೆ ಹೇಳಿಕೊಡಲಿಲ್ಲ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ, ಮಧ್ಯಮ ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕೌಶಲಗಳನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲ ಹಂತ: ಮೊದಲ ವಾರದಲ್ಲೇ ಮನೆಗೆ ಹೋಗುವುದು

ಅಪಘಾತವಾದ ದಿನ ಎಲ್ಲರೂ ಆಸ್ಪತ್ರೆಗೆ ಓಡುತ್ತಾರೆ, ಮೂರನೆಯ ದಿನದಿಂದ ಯಾರೂ ಫೋನ್ ಮಾಡುವುದಿಲ್ಲ. ಆ ಮೌನದಲ್ಲಿ ಗಾಯಗೊಂಡವರು ತಮ್ಮಷ್ಟಕ್ಕೆ ತೀರ್ಮಾನಕ್ಕೆ ಬರುತ್ತಾರೆ: ಕಂಪನಿಗೆ ನಾನು ಬೇಡವಾದೆ ಎಂದು. ಆದ್ದರಿಂದ ಗಾಯವಾದ ಐದಾರು ದಿನಗಳೊಳಗೆ ಒಮ್ಮೆ ಮನೆಗೆ ಹೋಗಿ, ಅನಂತರ ಹದಿನೈದು ದಿನಕ್ಕೊಮ್ಮೆಯಾದರೂ ಮಾತನಾಡಿ. ಹೋಗುವಾಗ ಕೈಯಲ್ಲಿ ಫೈಲು ಇರಬಾರದು, ಜೊತೆಗೆ ಸೂಪರ್‌ವೈಸರ್ ಕೂಡ ಇರಬಾರದು. ಅವರ ಲೈನಿನ ಒಬ್ಬ ಗೆಳೆಯರಿದ್ದರೆ ಒಳ್ಳೆಯದು.

ಹೆಗ್ಗನಹಳ್ಳಿ ಕಡೆಯ ಒಂದು ಒಂಟಿ ಕೋಣೆಯ ಮನೆಗೆ ನಾನು ಹೀಗೆ ಹೋಗಿದ್ದಾಗ, ಅಲ್ಲಿದ್ದ ಆಪರೇಟರ್ ನಾನು ಕೂತಿದ್ದ ಮುಕ್ಕಾಲು ಗಂಟೆಯೂ ಬಲಗೈಯನ್ನು ಟವೆಲಿನ ಮಡಿಕೆಯೊಳಗೆ ಇಟ್ಟುಕೊಂಡೇ ಮಾತನಾಡಿದರು. ಕಾಫಿ ಲೋಟವನ್ನು ಎಡಗೈಯಿಂದ ತೆಗೆದುಕೊಂಡರು, ಅದು ಸ್ವಲ್ಪ ಚೆಲ್ಲಿತು, ಅವರ ಹೆಂಡತಿ ಮಾತಿಲ್ಲದೆ ಒರೆಸಿದರು. ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಸಾರ್, ನನ್ ಪ್ರೆಸ್ಸಿಗೆ ಬೇರೆಯವರನ್ನ ಹಾಕಿದ್ದೀರಾ?” ಹಾಕಿದ್ದೆವು. ಹೌದು ಎಂದು ಹೇಳಿ, ಅದು ತಾತ್ಕಾಲಿಕ ವ್ಯವಸ್ಥೆಯೆಂದೂ, ಅವರ ಹೆಸರು ಅದೇ ಡಿಪಾರ್ಟ್‌ಮೆಂಟಿನ ಹಾಜರಿ ಪಟ್ಟಿಯಲ್ಲೇ ಇದೆಯೆಂದೂ ವಿವರಿಸಿದೆ. ಇಂಥ ಕಡೆ ಸಮಾಧಾನಕ್ಕೆಂದು ಸುಳ್ಳು ಹೇಳಬೇಡಿ. ಸುಳ್ಳು ಹೇಳಿದರೆ ಲೈನಿನ ಗೆಳೆಯರ ಮೂಲಕ ಅದೇ ಸಂಜೆ ನಿಜ ತಿಳಿಯುತ್ತದೆ, ಮತ್ತೆ ನಿಮ್ಮ ಯಾವ ಮಾತಿಗೂ ಬೆಲೆ ಇರುವುದಿಲ್ಲ.

ಈ ಭೇಟಿಯಲ್ಲಿ ಯಾರ ತಪ್ಪಿನಿಂದ ಅಪಘಾತವಾಯಿತೆಂಬ ವಿಚಾರಣೆ ಬೇಡ. ಅದನ್ನು ಬೇರೆಯವರು, ಬೇರೆ ದಿನ ಮಾಡಲಿ. ನೀವು ಕೇಳಬೇಕಾದುದು ನೋವು, ನಿದ್ದೆ, ಬಾಡಿಗೆ, ಮಕ್ಕಳ ಶಾಲೆ, ಡ್ರೆಸ್ಸಿಂಗಿಗೆ ಹೋಗಿಬರುವ ದಾರಿ. ರಾತ್ರಿ ಯಂತ್ರದ ಸದ್ದು ಕೇಳಿಸಿ ಎಚ್ಚರವಾಗುತ್ತದೆ, ಇಲ್ಲದ ಬೆರಳು ತುರಿಸುತ್ತದೆ ಎಂದು ಯಾರಾದರೂ ಹೇಳಿದರೆ ನಗಬೇಡಿ, ಗಾಬರಿಯನ್ನೂ ತೋರಿಸಬೇಡಿ. ತುಂಡಾದ ಅಂಗ ಇನ್ನೂ ಇದೆಯೆಂದೇ ಮಿದುಳಿಗೆ ಭಾಸವಾಗುವುದು ಸಾಮಾನ್ಯ ಸಂಗತಿಯೆಂದು ತಿಳಿಸಿ, ವೈದ್ಯರ ಬಳಿ ಹೇಳಿಕೊಳ್ಳುವಂತೆ ಸೂಚಿಸಿ. ನಿದ್ದೆಗೇಡು, ಭಯ ವಾರಗಟ್ಟಲೆ ಮುಂದುವರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ವೃತ್ತಿಯ ಆರಂಭದಲ್ಲಿ, ಎಂಟು ದಿನ ಗೈರುಹಾಜರಾದ ಎಲ್ಲರಿಗೂ ತನ್ನಿಂತಾನೇ ಹೋಗುವ ನೋಟಿಸೊಂದು, ಕಾಲು ಮುರಿದು ಮಲಗಿದ್ದ ಒಬ್ಬ ಹೆಲ್ಪರ್‌ಗೂ ನನ್ನ ಸಹಿಯೊಂದಿಗೆ ಹೋಯಿತು. ಕೆಲಸ ಹೋಯಿತೆಂದು ತಿಳಿದು ಅವರು ಸಿಂಧನೂರಿನ ಕಡೆಯ ತಮ್ಮ ಹಳ್ಳಿಗೆ ಹೊರಟುಹೋದರು. ಚಿಕಿತ್ಸೆ ಅರ್ಧಕ್ಕೆ ನಿಂತಿತು, ಅವರನ್ನು ಹುಡುಕಿ ಒಪ್ಪಿಸಿ ಕರೆತರಲು ಎರಡು ತಿಂಗಳು ಹಿಡಿಯಿತು. ಗಾಯಗೊಂಡವರ ಟೋಕನ್ ಸಂಖ್ಯೆಯನ್ನು ಇಂಥ ನೋಟಿಸುಗಳ ಪಟ್ಟಿಯಿಂದ ಮೊದಲ ದಿನವೇ ತೆಗೆಸಿಹಾಕಿ.

ಎರಡನೆಯ ಹಂತ: ಹಣದ ಲೆಕ್ಕವನ್ನು ಬಿಡಿಸಿ ಹೇಳುವ ಕೌಶಲ

ಕೆಲಸಕ್ಕೆ ಮರಳುವ ಮಾತೆಲ್ಲ ಕೊನೆಗೆ ಬಂದು ನಿಲ್ಲುವುದು ಹಣದ ಮೇಲೆ. ಇಎಸ್‌ಐ ವ್ಯವಸ್ಥೆ 1948ರ ಕಾಯ್ದೆಯಿಂದ ಬಂದದ್ದು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಅದು ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಸೇರಿದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಇದರ ವ್ಯಾಪ್ತಿಗೆ ಬರುತ್ತಾರೆ. ಅಂಗವೈಕಲ್ಯ ಉಳ್ಳವರಿಗೆ ಈ ಮಿತಿ 25,000 ರೂಪಾಯಿ. ಕೆಲಸದ ಗಾಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ನಿಯಮವಿಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನವೇ ಬೆರಳು ಹೋದರೂ ಸೌಲಭ್ಯವಿದೆ. ಮನೆಯಿಂದ ಕಾರ್ಖಾನೆಗೆ ಬರುವ ಅಥವಾ ಹೋಗುವ ದಾರಿಯಲ್ಲಿ ಆದ ಅಪಘಾತಕ್ಕೂ, ಸಮಯ, ಸ್ಥಳ, ಸಂದರ್ಭಗಳು ಕೆಲಸದೊಂದಿಗೆ ಹೊಂದಿಕೆಯಾದರೆ, 2010ರ ತಿದ್ದುಪಡಿಯಿಂದ ರಕ್ಷಣೆ ಸಿಕ್ಕಿದೆ. ಶಿಫ್ಟ್ ಮುಗಿಸಿ ಬೈಕಿನಲ್ಲಿ ಹೋಗುವಾಗ ಬಿದ್ದವರಲ್ಲಿ ಬಹಳಷ್ಟು ಮಂದಿಗೆ ಇದು ತಿಳಿದಿರುವುದಿಲ್ಲ.

ಅಪಘಾತದ ವರದಿಯನ್ನು 24 ಗಂಟೆಯೊಳಗೆ ಇಎಸ್‌ಐಗೆ ಸಲ್ಲಿಸುವುದು ನಿಮ್ಮ ಹೊಣೆ. ಅದು ತಡವಾದರೆ ಮುಂದಿನದೆಲ್ಲ ತಡವಾಗುತ್ತದೆ. ಗಾಯವಾದ ದಿನವನ್ನು ಬಿಟ್ಟು ಕನಿಷ್ಠ ಮೂರು ದಿನ ದುಡಿಯಲಾಗದಿದ್ದರೆ, ಸರಾಸರಿ ದಿನಗೂಲಿಯ ಶೇ. 90ರಷ್ಟು ಹಣ ವೈದ್ಯರ ಪ್ರಮಾಣಪತ್ರದ ಆಧಾರದ ಮೇಲೆ ದುಡಿಯಲಾಗದಷ್ಟು ದಿನವೂ ಸಿಗುತ್ತದೆ. ದಿನಕ್ಕೆ 600 ರೂಪಾಯಿ ಗಳಿಸುವವರಿಗೆ ಇದು 540 ರೂಪಾಯಿ. ಆದರೆ ಎರಡು ಷರತ್ತುಗಳನ್ನು ಅವರಿಗೆ ಬಾಯಿಮಾತಿನಲ್ಲೇ ತಿಳಿಸಿಬಿಡಿ. ಒಂದು, ಚಿಕಿತ್ಸೆ ನಡೆಯುತ್ತಿರುವ ಪ್ರದೇಶವನ್ನು ಬಿಟ್ಟು ಊರಿಗೆ ಹೋಗುವುದಾದರೆ ಇಎಸ್‌ಐ ವೈದ್ಯರ ಅನುಮತಿ ಬೇಕು; ರಾಯಚೂರು, ಕಲಬುರಗಿ ಕಡೆಯಿಂದ, ಬಿಹಾರ, ಒಡಿಶಾದಿಂದ ಬಂದವರು ಅಮ್ಮ ನೋಡಿಕೊಳ್ಳುತ್ತಾರೆಂದು ಹೊರಟುಬಿಡುವುದು ಸಹಜವಾದ್ದರಿಂದ ಇದನ್ನು ಮೊದಲ ಭೇಟಿಯಲ್ಲೇ ಹೇಳಬೇಕು. ಎರಡು, ಸಂಬಳಕ್ಕೆ ಕೆಲಸ ಮಾಡಿದ ದಿನಕ್ಕೆ ಈ ಹಣ ಸಿಗುವುದಿಲ್ಲ.

ಈ ಎರಡನೆಯ ಷರತ್ತಿನಲ್ಲಿ ನಮಗೂ ಒಂದು ಪಾಠವಿದೆ. ‘ಅರ್ಧ ದಿನ ಬಂದು ಹೋಗಲಿ, ಅಭ್ಯಾಸವಾಗುತ್ತದೆ’ ಎಂಬ ಒಳ್ಳೆಯ ಮನಸ್ಸಿನ ಸಲಹೆಯನ್ನು ಮ್ಯಾನೇಜರ್‌ಗಳು ಆಗಾಗ ಕೊಡುತ್ತಾರೆ. ಅರ್ಧ ದಿನ ಬಂದವರಿಗೆ ನೀವು ಅರ್ಧ ಸಂಬಳ ಕೊಟ್ಟರೆ 300 ರೂಪಾಯಿ ಸಿಗುತ್ತದೆ, 540 ಕೈತಪ್ಪುತ್ತದೆ. ಆದ್ದರಿಂದ ಹಂತಹಂತವಾಗಿ ಕೆಲಸಕ್ಕೆ ಕರೆತರುವುದಾದರೆ ಪೂರ್ತಿ ಸಂಬಳಕ್ಕೆ ಆಡಳಿತ ಮಂಡಳಿಯನ್ನು ಮೊದಲು ಒಪ್ಪಿಸಬೇಕು, ಇಲ್ಲವಾದರೆ ಫೈನಲ್ ಸರ್ಟಿಫಿಕೇಟ್ ಬರುವವರೆಗೆ ಕಾಯಬೇಕು. ಸರ್ಟಿಫಿಕೇಟ್ ಅವಧಿಯಲ್ಲಿ ಗುಟ್ಟಾಗಿ ಕರೆಸಿ ಕೈಗೆ ಹಣ ಕೊಡುವುದು ಕಾನೂನಿಗೆ ವಿರುದ್ಧ; ಆಗ ಇನ್ನೊಂದು ಗಾಯವಾದರೆ ಕಾರ್ಮಿಕರೂ ಕಂಪನಿಯೂ ಸಿಕ್ಕಿಬೀಳುತ್ತಾರೆ. ಈ ಹಣ ಪಡೆಯುತ್ತಿರುವ ಅವಧಿಯಲ್ಲಿ ಅವರನ್ನು ಕೆಲಸದಿಂದ ತೆಗೆಯುವುದಾಗಲಿ, ಹುದ್ದೆ ಇಳಿಸುವುದಾಗಲಿ, ಶಿಕ್ಷಿಸುವುದಾಗಲಿ ಸಲ್ಲದು.

ಇನ್ನು ಶಾಶ್ವತ ಊನ ಉಳಿದರೆ ಮೆಡಿಕಲ್ ಬೋರ್ಡ್ ಗಳಿಕೆಯ ಶಕ್ತಿ ಎಷ್ಟು ಕುಂದಿದೆಯೆಂದು ನಿರ್ಧರಿಸುತ್ತದೆ. ಕಾಯ್ದೆಯ ಅನುಸೂಚಿಯಲ್ಲಿ ಹೆಬ್ಬೆರಳಿಗೆ ಶೇ. 30, ಇಡೀ ತೋರುಬೆರಳಿಗೆ ಶೇ. 14, ಅದರ ಎರಡು ಗೆಣ್ಣಿಗೆ ಶೇ. 11 ಎಂದು ನಿಗದಿಯಾಗಿತ್ತು. ಮೇಲಿನ ಉದಾಹರಣೆಯಲ್ಲಿ 540ರ ಶೇ. 11 ಎಂದರೆ ದಿನಕ್ಕೆ 59 ರೂಪಾಯಿ 40 ಪೈಸೆ, ತಿಂಗಳಿಗೆ ಸುಮಾರು 1,780 ರೂಪಾಯಿ; ಇದು ಜೀವನಪೂರ್ತಿ ಬರುತ್ತದೆ. ಕೆಲಸಕ್ಕೆ ಮರಳಿದರೆ ಈ ಪಿಂಚಣಿ ನಿಂತುಹೋಗುತ್ತದೆಂಬ ಗಾಳಿಮಾತು ಪ್ರತಿಯೊಂದು ವಠಾರದಲ್ಲೂ ಇದೆ. ಅದು ನಿಲ್ಲುವುದಿಲ್ಲ, ಸಂಬಳದ ಜೊತೆಗೇ ಬರುತ್ತದೆ. ಈ ಲೆಕ್ಕವನ್ನು ಹಾಳೆಯೊಂದರ ಮೇಲೆ ಕನ್ನಡದಲ್ಲೋ ಅವರು ಓದುವ ಭಾಷೆಯಲ್ಲೋ ಬರೆದು ಅವರ ಕೈಗೆ ಕೊಟ್ಟುಬನ್ನಿ. ನಾವು ಹೋದ ಮೇಲೆ ಮನೆಯವರೆಲ್ಲ ಕೂತು ಅದನ್ನು ಓದುತ್ತಾರೆ.

ಮೂರನೆಯ ಹಂತ: ಕೆಲಸವನ್ನು ಚಲನೆಗಳಾಗಿ ಒಡೆದು ನೋಡುವುದು

ನನ್ನ ಮಟ್ಟಿಗೆ ಇಡೀ ವಿದ್ಯೆಯ ತಿರುಳು ಇದು. ‘ಪ್ರೆಸ್ ಆಪರೇಟರ್’ ಎಂಬುದು ಹುದ್ದೆಯ ಹೆಸರು, ಅದರಿಂದ ಏನೂ ತಿಳಿಯುವುದಿಲ್ಲ. ಒಂದು ನೋಟ್‌ಬುಕ್ ಹಿಡಿದು, ಆ ಯಂತ್ರದ ಪಕ್ಕ ಕನಿಷ್ಠ ಒಂದು ಗಂಟೆ ನಿಂತು, ಈಗ ಅಲ್ಲಿ ದುಡಿಯುತ್ತಿರುವವರ ಕೈಯನ್ನೇ ನೋಡಿ. ಎಡಗಡೆಯ ಬಿನ್ನಿನಿಂದ ಎಣ್ಣೆ ಸವರಿದ ತೆಳುತಗಡನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಚಿವುಟಿ ಎತ್ತುತ್ತಾರೆ. ಡೈ (ತಗಡಿಗೆ ಆಕಾರ ಕೊಡುವ ಅಚ್ಚು) ಮೇಲಿಟ್ಟು ಪಿನ್ನಿಗೆ ತಾಗುವಂತೆ ಸರಿಸುತ್ತಾರೆ. ಕೈ ಹೊರಗೆ ತೆಗೆದು ಎರಡೂ ಬಟನ್ ಒತ್ತುತ್ತಾರೆ. ಪೀಸನ್ನು ಕೊಕ್ಕೆಯಿಂದ ಎಳೆದು ಬಲಗಡೆಯ ಬಿನ್ನಿಗೆ ಹಾಕುತ್ತಾರೆ. ಇದು ನಿಮಿಷಕ್ಕೆ 8 ಸಲ ನಡೆದರೆ ಏಳು ಗಂಟೆಯಲ್ಲಿ 3,360 ಸಲ ಆಯಿತು. ಬಿನ್ ತುಂಬಿದಾಗ ಅದನ್ನು ಎತ್ತಿ ಟ್ರಾಲಿಗಿಡಬೇಕು. ತೂಕ ಹಾಕಿ ನೋಡಿ, ಸೂಪರ್‌ವೈಸರ್ ಹೇಳುವ ತೂಕಕ್ಕೂ ತಕ್ಕಡಿ ತೋರಿಸುವುದಕ್ಕೂ ವ್ಯತ್ಯಾಸ ಇರುತ್ತದೆ.

ಈಗ ಗಾಯಗೊಂಡ ಕೈಯನ್ನು ಈ ಪಟ್ಟಿಯ ಪಕ್ಕದಲ್ಲಿ ಇಡಿ. ಬಟನ್ ಒತ್ತಲು ತೋರುಬೆರಳು ಬೇಡ, ಅಂಗೈ ಸಾಕು. ಕೊಕ್ಕೆ ಹಿಡಿಯಲು ಉಳಿದ ಮೂರು ಬೆರಳು ಸಾಕು, ಹಿಡಿಗೆ ಸ್ವಲ್ಪ ದಪ್ಪಗೆ ರಬ್ಬರ್ ಸುತ್ತಿದರೆ ಇನ್ನೂ ಸಲೀಸು. ತೊಡಕಿರುವುದು ಎಣ್ಣೆಯ ತಗಡನ್ನು ಚಿವುಟಿ ಎತ್ತುವ ಒಂದೇ ಚಲನೆಯಲ್ಲಿ. ತೋರುಬೆರಳು ಮೊಟಕಾದವರು ಕ್ರಮೇಣ ಹೆಬ್ಬೆರಳು, ನಡುಬೆರಳಿನಿಂದ ಚಿವುಟುವುದನ್ನು ಕಲಿಯುತ್ತಾರೆ, ಅದಕ್ಕೆ ಸಮಯ ಬೇಕು. ಅಲ್ಲಿಯವರೆಗೆ ಮ್ಯಾಗ್ನೆಟ್ ಇರುವ ಎತ್ತುಗೋಲು ಕೊಟ್ಟರೆ ಆ ಚಲನೆಯೇ ಬೇಕಾಗುವುದಿಲ್ಲ. ‘ಪ್ರೆಸ್ ಕೆಲಸ ಆಗುವುದಿಲ್ಲ’ ಎಂದುಕೊಂಡಿದ್ದ ಮಾತು ಹೀಗೆ ‘ಐದರಲ್ಲಿ ಒಂದು ಚಲನೆಗೆ ಉಪಕರಣ ಬೇಕು’ ಎಂಬಲ್ಲಿಗೆ ಇಳಿಯುತ್ತದೆ.

ಇದರ ಎದುರು ಬದಿಯೂ ಇದೆ. ಶೇಕಡಾವಾರು ಸಣ್ಣದಿದ್ದ ಮಾತ್ರಕ್ಕೆ ತೊಂದರೆ ಸಣ್ಣದೆಂದು ತಿಳಿಯಬಾರದು. ಸುಮಾರು ಐದು ದಶಕಗಳ ಹಿಂದೆ, ಎಡಗೈ ಮೊಣಕೈ ಮೇಲ್ಭಾಗದಿಂದ ತುಂಡಾಗಿದ್ದ ಬಡಗಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಂದೇ ಕೈಯಿಂದ ಬಡಗಿ ಕೆಲಸ ಸಾಧ್ಯವಿಲ್ಲವಾದ್ದರಿಂದ ಅದನ್ನು ಪೂರ್ಣ ಊನವೆಂದೇ ಎಣಿಸಬೇಕೆಂದಿತು. ಅಂಗಕ್ಕಾದ ನಷ್ಟ ಬೇರೆ, ಆ ಅಂಗವನ್ನು ನಂಬಿದ ಕೆಲಸಕ್ಕಾದ ನಷ್ಟ ಬೇರೆ. ತೋರುಬೆರಳಿನ ತುದಿ ಹೋದ ಲೋಡಿಂಗ್ ಕೆಲಸದವರು ಬೇಗ ಮರಳಬಹುದು, ಅದೇ ಗಾಯವಾದ ಟೈಲರ್ ಬಟ್ಟೆಯ ಅಂಚನ್ನು ಸೂಜಿಯ ಕಡೆ ಸರಿಸಲಾರದೆ ಒದ್ದಾಡಬಹುದು.

ನಾಲ್ಕನೆಯ ಹಂತ: ವೈದ್ಯರಿಗೆ ಸರಿಯಾದ ಪ್ರಶ್ನೆ ಕೇಳುವುದು

‘ಇವರು ಫಿಟ್ ಆಗಿದ್ದಾರೆಯೇ?’ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎಂಬ ಉತ್ತರ ಬರುತ್ತದೆ. ಇಎಸ್‌ಐ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲಿನಲ್ಲಿ ವೈದ್ಯರಿಗೆ ಸಿಗುವುದು ಕೆಲವೇ ನಿಮಿಷ, ಅದರಲ್ಲಿ ಕಾರ್ಖಾನೆಯ ಕತೆ ಕೇಳಲು ಅವರಿಗೆ ಪುರಸೊತ್ತಿಲ್ಲ. ಹಾಗಾಗಿ ಕಾರ್ಮಿಕರ ಒಪ್ಪಿಗೆ ಪಡೆದು, ಅವರ ಕೈಯಲ್ಲೇ ಅರ್ಧ ಪುಟದ ಪತ್ರ ಕಳಿಸಿ. ನಾನು ಬರೆಯುವ ಪತ್ರ ಹೆಚ್ಚುಕಡಿಮೆ ಹೀಗಿರುತ್ತದೆ:

“ಇವರ ಕೆಲಸದಲ್ಲಿ ಬಲಗೈಯಿಂದ ಗಂಟೆಗೆ ಸುಮಾರು 480 ಸಲ ತೆಳುತಗಡನ್ನು ಚಿವುಟಿ ಎತ್ತಬೇಕು, ಗಂಟೆಗೊಮ್ಮೆ 18 ಕಿಲೋ ತೂಕದ ಬಿನ್ನನ್ನು ಸೊಂಟದ ಎತ್ತರಕ್ಕೆ ಎತ್ತಬೇಕು, ಕೈಗೆ ಎಣ್ಣೆ ತಾಗುತ್ತದೆ. ಇವುಗಳಲ್ಲಿ ಯಾವುದನ್ನು ಈಗಲೇ ಮಾಡಬಹುದು, ಯಾವುದನ್ನು ಎಷ್ಟು ವಾರ ಮಾಡಬಾರದು, ಗಾಯಕ್ಕೆ ಎಣ್ಣೆ ತಾಗಬಹುದೇ, ಕೈಗವಸು ಹಾಕಬಹುದೇ ಎಂಬುದನ್ನು ದಯವಿಟ್ಟು ಇದೇ ಹಾಳೆಯ ಕೆಳಗೆ ಬರೆದುಕೊಡಬೇಕಾಗಿ ಕೋರಿಕೆ.”

ಇಂಥ ಪತ್ರಕ್ಕೆ ಉತ್ತರಿಸದ ವೈದ್ಯರನ್ನು ನಾನು ಕಂಡದ್ದು ಕಡಿಮೆ. ನಿಮಗೂ ಗಾಯಗಳ ಬಗ್ಗೆ ಅಲ್ಪಸ್ವಲ್ಪ ತಿಳಿದಿರಲಿ. ಬೆರಳು ಮಡಿಸುವ ಸ್ನಾಯುರಜ್ಜು ತುಂಡಾಗಿ ಹೊಲಿಗೆ ಹಾಕಿದ್ದರೆ ಹೊರಗಿನ ಚರ್ಮ ಮೂರು ವಾರದಲ್ಲಿ ಮಾಗಿ ಕಾಣುತ್ತದೆ, ಒಳಗಿನದು ಬಲವಾದ ಹಿಡಿತ ತಾಳಲು ಸಾಮಾನ್ಯವಾಗಿ ಹನ್ನೆರಡು ವಾರ ಬೇಕು. ನಡುವೆ ಭಾರ ಎತ್ತಿದರೆ ಹೊಲಿಗೆ ಕಿತ್ತುಹೋಗುವ ಅಪಾಯವಿದೆ. ಸಾಧಾರಣ ಬೆನ್ನುನೋವಿಗಾದರೆ ಇದಕ್ಕೆ ವಿರುದ್ಧ: ವಾರಗಟ್ಟಲೆ ಮಲಗಿದಷ್ಟೂ ನೋವು ಬೇರೂರುತ್ತದೆ, ವೈದ್ಯರು ಒಪ್ಪಿದ ಮಿತಿಯಲ್ಲಿ ಓಡಾಡಿಕೊಂಡಿರುವುದೇ ಮದ್ದು. ವೈದ್ಯಕೀಯ ಕಡತದ ಉಳಿದ ವಿವರಗಳು, ಸಕ್ಕರೆ ಕಾಯಿಲೆಯೋ ಬೇರೊಂದೋ, ಸೂಪರ್‌ವೈಸರ್ ಮೇಜಿಗೆ ಹೋಗಬಾರದು. ಅಲ್ಲಿಗೆ ಬೇಕಾದುದು ಏನು ಮಾಡಬಹುದು, ಏನು ಮಾಡಬಾರದು ಎಂಬುದಷ್ಟೇ.

ಐದನೆಯ ಹಂತ: ಲೈಟ್ ಡ್ಯೂಟಿಯನ್ನು ನಿಜವಾದ ಕೆಲಸವಾಗಿಸುವುದು

ನಮ್ಮಲ್ಲಿ ಲೈಟ್ ಡ್ಯೂಟಿ ಎಂದರೆ ಗೇಟಿನ ಹತ್ತಿರ ಒಂದು ಸ್ಟೂಲ್ ಹಾಕಿ ‘ಸುಮ್ನೆ ಕೂತಿರಪ್ಪ’ ಎನ್ನುವುದು ಎಂದಾಗಿದೆ. ಹತ್ತು ವರ್ಷ ಡೈ ಸೆಟ್ ಮಾಡಿದ ವ್ಯಕ್ತಿ ಎಂಟು ಗಂಟೆ ಹಾಗೆ ಕೂರುವುದು, ಊಟದ ಹೊತ್ತಿನಲ್ಲಿ ಹುಡುಗರು ‘ಏನಣ್ಣ, ಆರಾಮಾ?’ ಎಂದು ಕೇಳುವುದು, ಗಾಯಕ್ಕಿಂತ ದೊಡ್ಡ ನೋವು. ಕೊಡುವ ಕೆಲಸ ಉತ್ಪಾದನೆಗೆ ಬೇಕಾದದ್ದಾಗಿರಬೇಕು, ಅವರ ತಿಳಿವಳಿಕೆಯನ್ನು ಬಳಸುವಂಥದ್ದಾಗಿರಬೇಕು, ಕೊನೆಯ ದಿನಾಂಕ ಹೊಂದಿರಬೇಕು. ಪ್ರೆಸ್ ಆಪರೇಟರ್‌ಗಾದರೆ ಗೇಜ್ ಹಿಡಿದು ಪೀಸ್ ಪರೀಕ್ಷಿಸುವುದು, ಟೂಲ್ ರೂಮಿನಲ್ಲಿ ಡೈಗಳ ದಾಖಲೆ ಬರೆಯುವುದು, ಹೊಸ ಹೆಲ್ಪರ್‌ಗಳಿಗೆ ಕೆಲಸ ಹೇಳಿಕೊಡುವುದು ಇವೆಲ್ಲ ಇವೆ.

ಸೂಪರ್‌ವೈಸರ್ ಇದನ್ನು ವಿರೋಧಿಸುತ್ತಾರೆ, ಅದಕ್ಕೆ ಅವರ ಕಾರಣವೂ ಇದೆ: ಅವರ ಲೆಕ್ಕಕ್ಕೆ ಒಬ್ಬ ಮನುಷ್ಯ ಸೇರಿರುತ್ತಾರೆ, ಟಾರ್ಗೆಟ್ ಹಾಗೇ ಇರುತ್ತದೆ. ಅವರಿಗೆ ಮಾನವೀಯತೆಯ ಉಪನ್ಯಾಸ ಕೊಡುವ ಬದಲು, ಆರು ವಾರ ಆ ವ್ಯಕ್ತಿಯನ್ನು ಲೈನಿನ ಸಂಖ್ಯೆಯಿಂದ ಹೊರಗಿಟ್ಟು ಲೆಕ್ಕ ಹಾಕುವಂತೆ ಪ್ರೊಡಕ್ಷನ್ ಮ್ಯಾನೇಜರ್ ಸಹಿ ಪಡೆದುಕೊಂಡು ಹೋಗಿ. ಮಾತು ಐದು ನಿಮಿಷದಲ್ಲಿ ಮುಗಿಯುತ್ತದೆ. ಯೋಜನೆಯನ್ನು ಬರವಣಿಗೆಯಲ್ಲಿಡಿ: ಮೊದಲ ಎರಡು ವಾರ ಪರೀಕ್ಷಣೆ ಮಾತ್ರ, ಮೂರನೆಯ ವಾರದಿಂದ ದಿನಕ್ಕೆ ಎರಡು ಗಂಟೆ ಸಣ್ಣ ಪ್ರೆಸ್ಸಿನಲ್ಲಿ, ಐದನೆಯ ವಾರ ನಾಲ್ಕು ಗಂಟೆ, ಹೀಗೆ. ಓವರ್‌ಟೈಮ್, ರಾತ್ರಿ ಪಾಳಿ ಈ ಅವಧಿಯಲ್ಲಿ ಬೇಡ.

ಆರನೆಯ ಹಂತ: ಮೊದಲ ದಿನ

ಅವರು ಬರುವ ಮೊದಲು ಯಂತ್ರ ಸರಿಯಾಗಿರಬೇಕು. ಬೆರಳು ತಿಂದ ಪ್ರೆಸ್ಸಿಗೆ ಗಾರ್ಡ್ ಹಾಕದೆ, ಸೆನ್ಸರ್ ಕೆಲಸ ಮಾಡುವುದನ್ನು ಪರೀಕ್ಷಿಸದೆ, ಒಂದು ಬಟನ್ನಿಗೆ ಕಟ್ಟಿಗೆ ಚೂರು ಸಿಕ್ಕಿಸಿ ಓಡಿಸುವ ಚಾಳಿಯನ್ನು ನಿಲ್ಲಿಸದೆ ಅವರನ್ನು ಧೈರ್ಯವಾಗಿರಿ ಎನ್ನಲು ನಮಗೆ ಹಕ್ಕಿಲ್ಲ. ಸರಿಪಡಿಸಿದ್ದನ್ನು ಅವರೇ ಕೈಯಾರೆ ಪರೀಕ್ಷಿಸಲಿ. ಅಡ್ಡ ಏನಾದರೂ ಬಂದರೆ ಯಂತ್ರವನ್ನು ನಿಲ್ಲಿಸುವ ಬೆಳಕಿನ ಪರದೆಗೆ ಒಂದು ಕೋಲು ಅಡ್ಡ ಹಿಡಿದು ಪ್ರೆಸ್ ನಿಲ್ಲುವುದನ್ನು ಹತ್ತು ಸಲ ನೋಡಿದವರ ಮುಖದಲ್ಲಿ ಆಗುವ ಬದಲಾವಣೆಯನ್ನು ನಾನು ಕಂಡಿದ್ದೇನೆ.

ಅಂದು ಅವರನ್ನು ಗೇಟಿನಿಂದ ನೀವೇ ಕರೆದುಕೊಂಡು ಹೋಗಿ. ಲೈನಿನವರಿಗೆ ಹಿಂದಿನ ದಿನವೇ, ಕೈ ತೋರಿಸಿ ಎಂದು ಯಾರೂ ಕೇಳಬಾರದೆಂದು ಹೇಳಿರಿ. ಪ್ರೆಸ್ ಬಡಿಯುವ ಸದ್ದಿಗೆ ಮೈ ನಡುಗಿದರೆ, ಬೆವರಿದರೆ, ದೂರದ ಬೆಂಚಿಗೆ ಹೋಗಲು ಅವರಿಗೆ ಯಾರ ಅಪ್ಪಣೆಯೂ ಬೇಕಿಲ್ಲವೆಂದು ಮೊದಲೇ ತಿಳಿಸಿ. ಹೋಗಲು ದಾರಿಯಿದೆಯೆಂದು ಗೊತ್ತಿದ್ದವರು ಸಾಮಾನ್ಯವಾಗಿ ನಿಲ್ಲುತ್ತಾರೆ.

ಮರಳಿ ಅದೇ ಕೆಲಸ ಆಗದಿದ್ದರೆ

ಎಷ್ಟು ಒಡೆದು ನೋಡಿದರೂ ಕೆಲವು ಸಲ ಹಳೆಯ ಕೆಲಸ ಸಾಧ್ಯವಾಗುವುದಿಲ್ಲ. ಸಾರಿಗೆ ನಿಗಮಗಳಂಥ ಸರ್ಕಾರಿ ಸಂಸ್ಥೆಗಳಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೆಯ ಕಲಮು ಸ್ಪಷ್ಟವಾಗಿದೆ: ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ, ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡಬೇಕು, ಇಲ್ಲದಿದ್ದರೆ ಹುದ್ದೆ ಸಿಗುವವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಖಾಸಗಿ ಕಾರ್ಖಾನೆಗಳಿಗೆ ಇಷ್ಟು ಗಟ್ಟಿಯಾದ ಮಾತಿಲ್ಲ, ಹಾಗಾಗಿ ಅಲ್ಲಿ ನಿಮ್ಮ ವಕಾಲತ್ತೇ ಹೆಚ್ಚು ಕೆಲಸ ಮಾಡುತ್ತದೆ. ಹೊಸ ಕೌಶಲ ಬೇಕಾದಲ್ಲಿ ಇಎಸ್‌ಐಯ ವೃತ್ತಿ ಪುನರ್ವಸತಿ ಯೋಜನೆಯನ್ನು ವಿಚಾರಿಸಿ. ಬೆಂಗಳೂರಿನಲ್ಲಿ 1959ರಿಂದ ನಡೆಯುತ್ತಿರುವ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ) ಸಂಸ್ಥೆ ಅಂಗವಿಕಲರಿಗೆ ವೃತ್ತಿ ತರಬೇತಿ ಕೊಡುತ್ತದೆ.

ಆ ಬಳಿಕದ ತಿಂಗಳುಗಳು

ಮರಳಿದವರನ್ನು ಎರಡನೆಯ ವಾರ, ಆರನೆಯ ವಾರ, ಮೂರನೆಯ ತಿಂಗಳು ಕೂರಿಸಿಕೊಂಡು ಮಾತನಾಡಿಸಬೇಕು. ‘ಹೇಗಿದ್ದೀರಿ’ ಎಂದರೆ ‘ಚೆನ್ನಾಗಿದ್ದೀನಿ ಸಾರ್’ ಎನ್ನುತ್ತಾರೆ. ಅಂಗಿಯ ಗುಂಡಿ ಹಾಕಲಾಗುತ್ತದೆಯೇ, ಮುದ್ದೆ ಮುರಿಯಲಾಗುತ್ತದೆಯೇ, ಬೈಕಿನ ಬ್ರೇಕ್ ಹಿಡಿಯಲಾಗುತ್ತದೆಯೇ ಎಂದು ಕೇಳಿದರೆ ನಿಜ ಹೊರಬರುತ್ತದೆ. ಮೊಟಕಾದ ಬೆರಳಿನ ತುದಿ ಮುಟ್ಟಿದರೆ ಜುಮ್ಮೆನ್ನುವುದು ಬಹುಕಾಲ ಇರುತ್ತದೆ. ಗಾಯ ಪೂರ್ತಿ ಮಾಗಿದ ಮೇಲೆ, ಫಿಸಿಯೋಥೆರಪಿಸ್ಟ್ ಒಪ್ಪಿದರೆ, ಮೊದಲು ಹತ್ತಿಯಿಂದ, ಆಮೇಲೆ ಒರಟು ಬಟ್ಟೆಯಿಂದ ಅದನ್ನು ಸವರಿಕೊಳ್ಳುವುದು, ಪಾತ್ರೆಯಲ್ಲಿ ಅಕ್ಕಿಯನ್ನೋ ರಾಗಿಯನ್ನೋ ತುಂಬಿ ದಿನಕ್ಕೆ ಕೆಲವು ನಿಮಿಷ ಕೈಯನ್ನು ಅದರೊಳಗೆ ಆಡಿಸುವುದು ನೆರವಾಗುತ್ತದೆ.

ಚಳಿಯನ್ನೂ ಮರೆಯಬೇಡಿ. ಜೂನ್‌ನಲ್ಲಿ ಕೆಲಸಕ್ಕೆ ಬಂದು ಎಲ್ಲ ಸರಿಹೋಯಿತೆಂದು ಕಡತ ಮುಚ್ಚಿದ ಮೇಲೆ, ಡಿಸೆಂಬರ್‌ನ ಬೆಳಗಿನ ಆರು ಗಂಟೆಯ ಪಾಳಿಯಲ್ಲಿ ತಣ್ಣನೆಯ ತಗಡು ಮುಟ್ಟಿದಾಗ ಬೆರಳಿನ ತುದಿ ಚುಚ್ಚಿದಂತೆ ನೋಯುತ್ತದೆ, ಅವರು ಕಾರಣ ಹೇಳದೆ ರಜೆ ಹಾಕತೊಡಗುತ್ತಾರೆ. ನವೆಂಬರ್ ಕೊನೆಯಲ್ಲೇ ಅವರನ್ನು ಎರಡನೆಯ ಪಾಳಿಗೆ ಬದಲಿಸಿ, ಬೆಚ್ಚನೆಯ ಒಳಪದರವಿರುವ, ತೋರುಬೆರಳಿನ ಭಾಗವನ್ನು ಅವರ ಅಳತೆಗೆ ಮೊಟಕಾಗಿ ಹೊಲಿಸಿದ ಕೈಗವಸು ಕೊಡಿಸಿ. ಪ್ರೆಸ್ಸಿನ ಬಳಿ ಖಾಲಿ ಬೆರಳಿನ ಉದ್ದ ತೂಗಾಡುವ ಕೈಗವಸು ಡೈಯಲ್ಲಿ ಸಿಕ್ಕಿಕೊಳ್ಳಬಲ್ಲದು.